ಚುಕ್ಕಿಯಿಲ್ಲದ ನಲವತ್ತೊಂದನೇ ಪುಟ

"ಎರಡನ್ನೂ ಪಕ್ಕಪಕ್ಕ ಇಡಿ. ಅಂಕಿ ನೋಡಬೇಡಿ, ಗುರುತು ನೋಡಿ," ಎಂದರು ದಾಖಲೆ ಕೋಣೆಯ ಅಮ್ಮ.

ನಾನು ಎರಡೂ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಎಳೆದೆ. ಎರಡೂ ಒಂದೇ ವರದಿಯ ನಲವತ್ತೊಂದನೇ ಪುಟಗಳು. ಒಂದು ನೀರಾವರಿ ಕಚೇರಿಯ ಕಡತದಲ್ಲಿದ್ದದ್ದು. ಇನ್ನೊಂದು ಮೂರು ವಾರದ ಹಿಂದೆ, ಹೆಸರಿಲ್ಲದ ಪತ್ರವೊಂದರ ಜೊತೆ, ನಮ್ಮ ತನಿಖಾ ವಿಭಾಗಕ್ಕೆ ಅಂಚೆಯಲ್ಲಿ ಬಂದದ್ದು.

ಕಡತದ ಪುಟ ನಂಬುವುದಾದರೆ ಎಡದಂಡೆ ಕಾಲುವೆಗೆ ನೂರು ಖರ್ಚು ಮಾಡಿದರೆ ನೂರ ಹದಿನೆಂಟು ಲಾಭ. ಅಂಚೆಯ ಪುಟ ನಂಬುವುದಾದರೆ ಬರೀ ತೊಂಬತ್ತಮೂರು. ನೂರಕ್ಕಿಂತ ಕಡಿಮೆಯಾದರೆ ಕೇಂದ್ರ ಸರ್ಕಾರ ಬಿಡಿಗಾಸೂ ಕೊಡುವುದಿಲ್ಲ. ನೂರ ಹದಿನೆಂಟನ್ನು ನಂಬಿ ಕೊಟ್ಟಿತು, ಎರಡು ವರ್ಷದಿಂದ ಅಗೆತ ನಡೆದಿದೆ. ಪುಟ ಬದಲಿಸಿದವರು ಯಾರೆಂದು ಸೋಮವಾರ ಬೆಳಿಗ್ಗೆ ನಾನು ಬರೆದುಕೊಡಬೇಕು. ನಾನು ಬರೆದ ಹೆಸರಿನವನು ಜೈಲಿಗೆ ಹೋಗುತ್ತಾನೆ.

ನಿಜ ಹೇಳುತ್ತೇನೆ, ಆಗಲೇ ಬರೆದಾಗಿತ್ತು. ವರದಿ ನನ್ನ ಚೀಲದಲ್ಲಿತ್ತು. ಹೆಸರಿನ ಜಾಗದಲ್ಲಿ ಹೆಸರೂ ಇತ್ತು. ಅದು ಯೋಜನೆಯ ಅರ್ಥಶಾಸ್ತ್ರಜ್ಞನ ಹೆಸರು, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡನ ಹೆಸರು, ಅಂದರೆ ನನ್ನ ಷಡ್ಡಕನ ಹೆಸರು.

ತನಿಖೆಗೆ ಮೊದಲು ಒಂದು ಫಾರಂ ತುಂಬಬೇಕು. ಆ ಕಚೇರಿಯಲ್ಲಿ ನಿಮ್ಮ ಸಂಬಂಧಿಕರು ಕೆಲಸದಲ್ಲಿದ್ದಾರೆಯೇ ಎಂದು ಕೇಳಿ, ಕೆಳಗೆ ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಹೆಂಡತಿ, ಮಕ್ಕಳು ಎಂದು ಪಟ್ಟಿ ಕೊಟ್ಟಿದ್ದಾರೆ. ಫಾರಂ ಮಾಡಿದ ಪುಣ್ಯಾತ್ಮನಿಗೆ ಷಡ್ಡಕ ಇರಲಿಲ್ಲ ಎಂದು ಕಾಣುತ್ತದೆ. ನಾನು 'ಇಲ್ಲ' ಎಂದು ಬರೆದೆ. 

"ಕೆಂಪು ರೈಟು ಓದಿದವರದು, ನೀಲಿ ರೈಟು ಕೇಳಿದವರದು," ಎಂದರು ಅಮ್ಮ. ಮೂವತ್ತು ವರ್ಷದಿಂದ ಈ ಕೋಣೆಯ ಧೂಳು ಕುಡಿದವರು. "ಲೆಕ್ಕದ ವಿಭಾಗದಲ್ಲಿ ಒಬ್ಬರೇ ತಾಳೆ ನೋಡೋ ಹಾಗಿಲ್ಲ. ಒಬ್ಬರು ಕೈಬರಹದ ಹಾಳೆ ಹಿಡ್ಕೊಂಡು ಜೋರಾಗಿ ಓದ್ತಾರೆ. ಎದುರು ಕೂತೋರು ಟೈಪಾದ ಪುಟದಲ್ಲಿ ನೋಡ್ಕೊಂಡು ನೀಲಿ ರೈಟ್ ಹಾಕಿ ಪುಟ ದಾಟಿಸ್ತಾರೆ, ಓದಿದೋರು ಕೆಂಪು ಹಾಕ್ತಾರೆ. ನಿಮ್ಮ ಮಾವ ವಿಭಾಗದ ಮುಖ್ಯಸ್ಥರಾಗಿದ್ದಾಗ ತಂದ ಪದ್ಧತಿ."

"ಗೊತ್ತು," ಎಂದೆ. ಮಾವ ತಂದ ಪದ್ಧತಿಗಳ ಬಗ್ಗೆ ಮದುವೆಯಾದಾಗಿನಿಂದ ಕೇಳುತ್ತಲೇ ಇದ್ದೇನೆ.

"ಚುಕ್ಕಿ ಗೊತ್ತಾ?"

ಅದು ಗೊತ್ತಿರಲಿಲ್ಲ.

"ಕೇಳೋರಿಗೆ ಒಂದು ಅಂಕಿ ಸರಿಯಾಗಿ ಕೇಳಿಸ್ಲಿಲ್ಲ ಅಂದ್ರೆ 'ಇನ್ನೊಮ್ಮೆ' ಅಂತಾರೆ. ಅಂದಾಗ ಆ ಅಂಕಿ ಪಕ್ಕ ಒಂದು ನೀಲಿ ಚುಕ್ಕಿ ಇಡಬೇಕು. ಅಂಚೆಯಲ್ಲಿ ಬಂದಿರೋ ಪುಟ ನೋಡಿ. ನಲವತ್ತು ಅಂಕಿಗೆ ಮೂರು ಚುಕ್ಕಿ. ಈ ವರದೀಲಿ ಯಾವ ಪುಟ ತೆಗೆದ್ರೂ ಎರಡೋ ಮೂರೋ ಇರತ್ತೆ. ಮನುಷ್ಯರ ಕಿವಿ ಅಲ್ವಾ? ಈಗ ಕಡತದ ಪುಟ ನೋಡಿ."

ನಲವತ್ತು ಕೆಂಪು ರೈಟು, ನಲವತ್ತು ನೀಲಿ ರೈಟು. ಚುಕ್ಕಿ ಒಂದೂ ಇರಲಿಲ್ಲ.

"ಒಬ್ಬರೇ ಕೂತು ಎರಡೂ ಪೆನ್ಸಿಲ್ ಹಿಡ್ಕೊಂಡಿದ್ದಾರೆ," ಎಂದರು ಅಮ್ಮ. "ತನ್ನನ್ನ ತಾನೇ 'ಇನ್ನೊಮ್ಮೆ' ಅಂತ ಯಾರು ಕೇಳ್ಕೋತಾರೆ?"

ಒಬ್ಬರೇ! ಆ ಮಾತು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ತಾಳೆ ನೋಡುವ ಜೋಡಿಗಳ ಹೆಸರು ಬರೆದಿಡುವ ಪದ್ಧತಿ ಇಲ್ಲಿ ಇರಲಿಲ್ಲ. ವರದಿ ತಯಾರಾದ ತಿಂಗಳು ಹನ್ನೊಂದು ಜೋಡಿ ಕೆಲಸ ಮಾಡಿದ್ದವು. ಅಷ್ಟೂ ಜನರನ್ನು ಬಿಟ್ಟು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಕೂರುವ ಅಧಿಕಾರ ಇದ್ದದ್ದು ಯಾರಿಗೆ? ನನ್ನ ಷಡ್ಡಕನಿಗೆ.

ಅವನನ್ನು ಕಂಡರೆ ನನಗೇಕೆ ಇಷ್ಟು ಉರಿ ಎಂದು ಯಾರಾದರೂ ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ಹದಿನೈದು ವರ್ಷದ ಹಿಂದೆ ಅವನ ಈ ಹುದ್ದೆಗೆ ನಾನೂ ಸಂದರ್ಶನಕ್ಕೆ ಹೋಗಿದ್ದೆ. ಅವನಿಗೆ ಸಿಕ್ಕಿತು. ಆಮೇಲೆ ನನ್ನ ಮಾವನ ಕಿರಿ ಮಗಳೂ ಸಿಕ್ಕಳು. ಆಮೇಲೆ ಮಾವನೇ ಅವರ ಮನೆಗೆ ಹೋಗಿ ಇದ್ದುಬಿಟ್ಟರು, ನಮ್ಮ ಮನೆಯಲ್ಲಿ ಗಾಳಿ ಕಡಿಮೆ ಎಂದು. ನಾನು ಬೇರೆ ಊರಿನಲ್ಲಿ ಕೆಲಸದ ಮೇಲಿದ್ದ ಆರು ತಿಂಗಳಲ್ಲಿ ನನ್ನ ಹೆಂಡತಿಗೆ ಲೆಕ್ಕದ ವಿಭಾಗದಲ್ಲಿ ನಾಲ್ಕು ತಿಂಗಳು ದಿನಗೂಲಿ ಕೆಲಸ ಕೊಡಿಸಿದವನೂ ಅವನೇ. ಪ್ರತಿ ಸಲ ಮನೆಮಂದಿ ಸೇರಿದಾಗಲೂ ಅದನ್ನು ಅನ್ನದ ಜೊತೆ ನನಗೆ ಬಡಿಸುತ್ತಾನೆ.

ಒಂದೇ ಒಂದು ಸಲ ಅವನ ಮುಖ ಸಣ್ಣಗಾದದ್ದನ್ನು ನೋಡಿದ್ದೆ. ಆ ಆರು ತಿಂಗಳಲ್ಲೇ, ನಾನು ರಜೆಗೆ ಊರಿಗೆ ಬಂದಿದ್ದ ಒಂದು ಭಾನುವಾರ, ಅವರ ಮನೆಯ ಊಟದ ಮೇಜಿನಲ್ಲಿ, "ಎಷ್ಟು ತಿರುವಿ ಹಾಕಿದ್ರೂ ಕಾಲುವೆ ನೂರು ದಾಟ್ತಿಲ್ಲ," ಎಂದ. ಆ ಮಧ್ಯಾಹ್ನದ ಊಟ ನನಗೆ ಎಷ್ಟು ರುಚಿಸಿತೆಂದರೆ ಎರಡು ಸಲ ಬಡಿಸಿಕೊಂಡೆ. ನನ್ನ ಕೈಗೆ ಕೊಟ್ಟಿದ್ದರೆ ಅರ್ಧ ಗಂಟೆಯಲ್ಲಿ ದಾಟಿಸುತ್ತಿದ್ದೆ ಎಂದು, ಅವನ ಅಂಕಿಗಳನ್ನು ಕೇಳಿಕೊಂಡು, ಅಲ್ಲೇ ಬಿದ್ದಿದ್ದ ಮಾವನ ಕಣ್ಣಿನ ಆಸ್ಪತ್ರೆಯ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಲು ಕೂತೆ. ಒಟ್ಟು ಕೂಡಿಸುವ ಮೊದಲೇ ಮಾವ ಎದ್ದು ಕೈ ತೊಳೆಯಲು ಹೋದರು. ಉಳಿದವರೂ ಎದ್ದರು. ಅಲ್ಲಿಗೆ ನನ್ನ ಲೆಕ್ಕದ ಕಥೆ ಮುಗಿಯಿತು.

ಅಮ್ಮನಿಗೆ ಸಹಿ ಹಾಕಿಕೊಟ್ಟು, ಎರಡೂ ಪುಟ ಚೀಲಕ್ಕೆ ಹಾಕಿಕೊಂಡು, ಮೆಟ್ಟಿಲು ಹತ್ತಿ ಅವನ ಕೋಣೆಗೆ ಹೋದೆ.

ಹೊರಗಿನ ಮೇಜಿನಲ್ಲಿ ಅವನ ಹೆಂಡತಿ, ನನ್ನ ನಾದಿನಿ, ಟೈಪ್ ಮಾಡುತ್ತಿದ್ದಳು. ಅವಳು ದೊಡ್ಡ ಇಂಜಿನಿಯರರ ಟೈಪಿಸ್ಟ್. ಮೂರು ವಾರದಿಂದ ನನ್ನನ್ನು ಕಂಡಾಗಲೆಲ್ಲ ನಗುವವಳು ಈ ದಿನ ನಗಲಿಲ್ಲ.

"ಬನ್ನಿ ಭಾವ. ಅಕ್ಕ ಚೆನ್ನಾಗಿದಾಳಾ?"

"ಇದಾಳೆ," ಎಂದು ಒಳಗೆ ಹೋದೆ.

ಷಡ್ಡಕ ಎದ್ದು ನಿಂತು ಕುರ್ಚಿ ತೋರಿಸಿದ. ಇದೊಂದು ಅವನ ಕೆಟ್ಟ ಗುಣ. ಅವನಿಗಿಂತ ಹಿರಿಯವನೆಂದು ಗೌರವ ಕೊಡುತ್ತಾನೆ, ಕೊಟ್ಟಷ್ಟೂ ನನಗೆ ಮೈ ಉರಿಯುತ್ತದೆ.

"ಇವತ್ತು ಮುಗಿಸಿಬಿಡೋಣ," ಎಂದು ಕಡತದ ಪುಟವನ್ನು ಅವನ ಮುಂದೆ ಇಟ್ಟೆ. "ಇದನ್ನ ಒಬ್ಬರೇ ಕೂತು ಮಾಡಿದ್ದಾರೆ. ಚುಕ್ಕಿ ಇಲ್ಲ. ನೀನೇ ಅಲ್ವಾ?"

ಇಷ್ಟು ದಿನ ಅವನಿಗೆ ಪುಟ ತೋರಿಸಿರಲಿಲ್ಲ. ಬರೀ ಪ್ರಶ್ನೆ ಕೇಳಿ ಬೆವರಿಳಿಸಿದ್ದೆ. ಅವನು ಕನ್ನಡಕ ಏರಿಸಿಕೊಂಡು ಹಾಳೆ ನೋಡಿದ. ಮೊದಲ ಸಾಲಿನಲ್ಲೇ ಬೆರಳು ನಿಂತಿತು. ಆಮೇಲೆ ಅವನು ಮಾಡಿದ್ದನ್ನು ನಾನು ಎಂದಿಗೂ ಮರೆಯುವುದಿಲ್ಲ. ನಕ್ಕುಬಿಟ್ಟ.

"ಭಾವ, ನಾನು ಕಳ್ಳತನ ಮಾಡೋದಾದ್ರೆ ಇಷ್ಟು ಕೆಟ್ಟದಾಗಿ ಮಾಡ್ತೀನಾ?"

"ಏನು ಕೆಟ್ಟದಾಗಿದೆ?"

"ನಿಮಗೆ ಕಾಣ್ತಿಲ್ವಾ?"

ಕಾಣುತ್ತಿರಲಿಲ್ಲ. ಮೂರು ವಾರ ಎರಡೂ ಪುಟ ನೋಡಿದ್ದೆ. ಎರಡರಲ್ಲೂ ಹತ್ತು ವರ್ಷ, ನಾಲ್ಕು ಬೆಳೆ. ಕಾಲುವೆ ಮುಂದುವರಿದಂತೆ ಹೊಸ ಜಮೀನು ಸೇರಿ ಲಾಭ ಏರುತ್ತದೆ. ಅಂಚೆಯ ಪುಟದಲ್ಲಿ ನಿಧಾನವಾಗಿ ಏರುತ್ತದೆ, ಕಡತದ ಪುಟದಲ್ಲಿ ಬೇಗ. ಕಡತದ ಪುಟವೇ ನನಗೆ ಸಹಜವಾಗಿ ಕಂಡಿತ್ತು. ಸುಳ್ಳನ್ನು ಇಷ್ಟು ಸಹಜವಾಗಿ ಹೆಣೆಯಬಲ್ಲವನು ಷಡ್ಡಕನೊಬ್ಬನೇ ಎಂದು ವರದಿಯಲ್ಲೂ ಬರೆದಿದ್ದೆ.

"ಇಲ್ಲಿ ನೀರು ಬಿಟ್ಟ ವರ್ಷವೇ ಪೂರ್ತಿ ಬೆಳೆ ಹಿಡಿದಿದ್ದಾರೆ," ಎಂದ. "ಜಮೀನು ಸಮ ಮಾಡಬೇಕು, ಹೊಲಗಾಲುವೆ ತೋಡಬೇಕು, ನೀರು ಕಟ್ಟೋದು ಕಲೀಬೇಕು. ಪೂರ್ತಿ ಬೆಳೆ ಬರೋಕೆ ಹತ್ತು ವರ್ಷ ಬೇಕು. ಅದು ನನ್ನ ಇಡೀ ಪ್ರಬಂಧದ ವಿಷಯ. ಅದಕ್ಕೇ ನನಗೆ ಪದವಿ ಕೊಟ್ಟಿದ್ದು. ನಾನು ಮೋಸ ಮಾಡೋದಾದ್ರೆ ಬಡ್ಡಿ ದರದಲ್ಲಿ ಕಾಲು ಪರ್ಸೆಂಟ್ ಇಳಿಸ್ತಿದ್ದೆ. ಇಲ್ಲಾಂದ್ರೆ ಅಣೆಕಟ್ಟಿನ ಆಯಸ್ಸು ಐವತ್ತರಿಂದ ನೂರು ಮಾಡ್ತಿದ್ದೆ. ನೀವೇನು, ಕೇಂದ್ರದೋರೂ ಹಿಡೀತಿರಲಿಲ್ಲ."

ಜೈಲಿನ ಬಾಗಿಲಲ್ಲಿ ನಿಂತವನು ತನ್ನ ಜಾಣತನದ ಮರ್ಯಾದೆ ಉಳಿಸಿಕೊಳ್ಳುತ್ತಿದ್ದ. ಅವನು ಹೇಳಿದ್ದು ನಿಜವೆಂದು ನನಗೆ ಅರ್ಥವಾಗಿತ್ತು, ಅರ್ಥವಾದದ್ದಕ್ಕೇ ಸಂಕಟವಾಯಿತು.

"ಹಾಗಾದ್ರೆ ಕೇಂದ್ರಕ್ಕೆ ಹೋಗೋ ಮುಂಚೆ ನೀನು ಯಾಕೆ ನೋಡ್ಲಿಲ್ಲ?"

ನಗು ನಿಂತಿತು. "ತೊಂಬತ್ತಮೂರು ಅಂತ ಬರೆದು, ಕೊನೇ ಪುಟಕ್ಕೆ ಸಹಿ ಹಾಕಿ, ಜ್ವರ ಅಂತ ಮಲಗಿದೆ. ಮಂಜೂರಾಯ್ತು ಅಂದ್ರು. ನೂರ ಹದಿನೆಂಟು ಅಂತ ಪತ್ರದಲ್ಲೇ ಇತ್ತು. ಎಲ್ಲರೂ ಹಾರ ಹಾಕಿದ್ರು. ಕಡತ ತೆಗೆದು ನೋಡೋ ಧೈರ್ಯ ಬರಲಿಲ್ಲ."

"ಅಂದ್ರೆ ಗೊತ್ತಿತ್ತು."

"ಏನೋ ಆಗಿದೆ ಅಂತ ಗೊತ್ತಿತ್ತು. ಇದು ಅಂತ ಗೊತ್ತಿರಲಿಲ್ಲ." ಬೆರಳನ್ನು ಮತ್ತೆ ಮೊದಲ ಸಾಲಿನ ಮೇಲಿಟ್ಟ. "ಇದು ಬರೀ ನನ್ನ ಮಾನದ ಪ್ರಶ್ನೆ ಅಲ್ಲ ಭಾವ. ಲಾಭ ಯಾವ ವರ್ಷದಿಂದ ಹಿಡಿದಿದ್ದಾರೋ ಆ ವರ್ಷದಿಂದಲೇ ರೈತರು ಕೇಂದ್ರಕ್ಕೆ ಕಾಲುವೆ ಖರ್ಚಿನ ಕಂತು ಕಟ್ಟಬೇಕು. ಜಮೀನು ಸಮ ಮಾಡೋ ಮುಂಚೆನೇ ನೋಟೀಸ್ ಹೋಗತ್ತೆ. ಇದನ್ನ ಮಾಡಿದೋನಿಗೆ ಅದರ ಯೋಚನೆನೇ ಇಲ್ಲ. ಅರ್ಥಶಾಸ್ತ್ರ ಬಾಯಿಪಾಠ ಮಾಡಿ ಫೇಲಾದೋನು ಯಾರೋ."

ನಾನು ಚೀಲದ ಬಾಯಿ ಬಿಚ್ಚಿ ಮತ್ತೆ ಕಟ್ಟಿದೆ.

"ನಿಮಗೆ ನೆನಪಿರಬೇಕು. ನಮ್ಮ ಸಂದರ್ಶನದಲ್ಲೂ ಇದೇ ಕೇಳಿದ್ರು. ನೀರು ಬಿಟ್ಟ ವರ್ಷವೇ ಪೂರ್ತಿ ಲಾಭ ಹಿಡೀಬಹುದಾ ಅಂತ."

ನೆನಪಿತ್ತು. 'ಹಿಡಿಯಬಹುದು' ಎಂದು ನಾನು ಉತ್ತರ ಕೊಟ್ಟದ್ದೂ, ಸಂದರ್ಶನ ಮಾಡುತ್ತಿದ್ದ ಮೂವರೂ ಒಟ್ಟಿಗೆ ಪೆನ್ನು ಕೆಳಗಿಟ್ಟದ್ದೂ ನೆನಪಿತ್ತು. ಅದು ಅವನಿಗೆ ಗೊತ್ತಿತ್ತೋ ಇಲ್ಲವೋ, ಅವನ ಮುಖದಲ್ಲಿ ಮರುಕದಂಥದ್ದು ಕಂಡಿತು. ಅಸೂಯೆಯನ್ನಾದರೂ ತಡೆದುಕೊಳ್ಳಬಹುದು, ಷಡ್ಡಕನ ಮರುಕವನ್ನು ತಡೆದುಕೊಳ್ಳಲಾಗುವುದಿಲ್ಲ. ಪುಟ ಕಿತ್ತುಕೊಂಡು ಎದ್ದೆ.

ಬಾಗಿಲು ತೆಗೆದಾಗಲೇ ಗಮನಕ್ಕೆ ಬಂದದ್ದು, ಹೊರಗೆ ಟೈಪಿನ ಸದ್ದು ಯಾವಾಗಲೋ ನಿಂತುಹೋಗಿತ್ತು. ನಾದಿನಿಯ ಕುರ್ಚಿ ಖಾಲಿ. ಯಂತ್ರದಲ್ಲಿ ಅರ್ಧ ಹೊಡೆದ ಪತ್ರ ಹಾಗೇ ಇತ್ತು.

ಮನೆಗೆ ಬಂದಾಗ ಇನ್ನೂ ನಾಲ್ಕು ಗಂಟೆ. ಹೆಂಡತಿ ಅಡುಗೆಮನೆಯ ಮೇಜಿನಲ್ಲಿ ನನ್ನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಎದುರು ಹೊಲಿಗೆ ಡಬ್ಬಿ ತೆರೆದಿತ್ತು.

"ಬೇಗ ಬಂದ್ರಿ," ಎಂದಳು.

"ನಿನ್ನ ತಂಗಿ ಗಂಡ ತಪ್ಪಿಸಿಕೊಂಡ." ಚೀಲವನ್ನು ಮೇಜಿನ ಮೇಲೆ ಎಸೆದು ಕೂತೆ. ಮನೆಯಲ್ಲಿ ಕೆಲಸದ ಮಾತು ಆಡಬಾರದು, ಆದರೆ ಹೊಟ್ಟೆಯಲ್ಲಿದ್ದದ್ದು ಹೊರಗೆ ಬರದೆ ಇರಲಿಲ್ಲ. ಎಲ್ಲವನ್ನೂ ಹೇಳಿದೆ. ಮೊದಲ ವರ್ಷದ ಪೂರ್ತಿ ಬೆಳೆ, ಅವನ ನಗು, ಅವನ ಪ್ರಬಂಧ. ಕೊನೆಗೆ ನನ್ನದೆಂದು ಹೇಳಿಕೊಳ್ಳಲು ಉಳಿದಿದ್ದ ಒಂದೇ ಒಂದು ಸಂಗತಿಯನ್ನು ಹೆಮ್ಮೆಯಿಂದ ತೆಗೆದೆ. "ಆದ್ರೂ ಒಬ್ಬರೇ ಮಾಡಿದ್ದು ಅನ್ನೋದು ಖಾತ್ರಿ. ನಲವತ್ತು ಅಂಕಿಗೆ ಒಂದು ಚುಕ್ಕಿ ಇಲ್ಲ. 'ಇನ್ನೊಮ್ಮೆ' ಅಂತ ಕೇಳದೇ ಇರೋ ಕಿವಿ ಯಾವ ಮನುಷ್ಯರಿಗೂ ಇರಲ್ಲ."

ಅವಳು ಹಲ್ಲಿನಿಂದ ದಾರ ಕತ್ತರಿಸಿದಳು.

"ಯಾಕಿರಲ್ಲ? ನಾಲ್ಕು ತಿಂಗಳಲ್ಲಿ ನಾನು ಒಂದ್ಸಲನೂ ಕೇಳಿಲ್ಲ."

ಆ ಮಾತಿನಲ್ಲಿ ಇದ್ದದ್ದು ಅವಳ ಷಡ್ಡಕನಂಥದ್ದೇ ಜಂಬ ಎಂದುಕೊಂಡೆ. ಆಮೇಲೆ ಅದು ನನ್ನ ಷಡ್ಡಕ, ಅವಳ ತಂಗಿಯ ಗಂಡ ಎಂದು ನನ್ನನ್ನೇ ತಿದ್ದಿಕೊಂಡೆ. ತಲೆ ಅಷ್ಟು ಕೆಟ್ಟಿತ್ತು. ಅವಳು ಹೇಳಿದ್ದು ಕಿವಿಯಿಂದ ಒಳಗಿಳಿಯಲು ಇನ್ನಷ್ಟು ಹೊತ್ತು ಹಿಡಿಯಿತು.

"ನಲವತ್ತೊಂದನೇ ಪುಟ ನೀನು ಕೇಳಿದ್ದಾ?"

"ಹೂಂ. ನೀಲಿ ನಂದು. ಆ ವರದೀಲಿ ನಾನು ಕೇಳಿದ್ದು ಅದೊಂದೇ ಪುಟ."

"ಓದಿದ್ದು ಯಾರು?"

ಅವಳು ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಹೊಲಿಗೆ ಡಬ್ಬಿಯ ಮೇಲಿನ ತಟ್ಟೆ ಎತ್ತಿ, ಗುಂಡಿಗಳ ಕೆಳಗಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ನನ್ನ ಮುಂದೆ ಇಟ್ಟಳು.

"ತಾಳೆ ನೋಡಿದ ಮೇಲೆ ಓದಿದ ಹಾಳೇನ ಹರಿದುಹಾಕೋದು ಕೇಳಿದವರ ಕೆಲಸ. ಇದೊಂದನ್ನ ಹರೀಲಿಲ್ಲ."

ಬಿಚ್ಚುವ ಮೊದಲೇ ಕಾಗದದ ಬೆನ್ನಿನ ಅಚ್ಚು ಕಂಡಿತು. ಕಣ್ಣಿನ ಆಸ್ಪತ್ರೆ. 

ಹತ್ತು ಸಾಲು, ನಾಲ್ಕು ಬೆಳೆ. ಮೊದಲ ವರ್ಷದಿಂದಲೇ ಪೂರ್ತಿ ಲಾಭ. ಒಟ್ಟಿನ ಜಾಗ ಖಾಲಿ. ಏಳರ ನಡುವೆ ಅಡ್ಡಗೆರೆ ಎಳೆಯುವುದು ನನ್ನ ಅಭ್ಯಾಸ. ಎಲ್ಲ ಏಳಕ್ಕೂ ಗೆರೆ ಇತ್ತು. ಮೂರು ವಾರದಿಂದ ನಾನು ಬೆನ್ನು ಹತ್ತಿದ್ದ ಅಂಕಿಗಳೆಲ್ಲ ನನ್ನವೇ. ಅವು ಸಹಜವಾಗಿ ಕಂಡದ್ದರಲ್ಲಿ ಆಶ್ಚರ್ಯವೇನಿತ್ತು.

"ನಾನು ಇದನ್ನ ಯಾರಿಗೂ ಕೊಡಲಿಲ್ಲ," ಎಂದೆ. ದನಿ ನನಗೇ ಅಪರಿಚಿತವಾಗಿತ್ತು. "ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದೆ. ಬರೀ ಜಂಬಕ್ಕೆ ಬರೆದಿದ್ದು."

"ಓದಿದವರು ನೀವೇ ಕಳಿಸಿದ್ದು ಅಂದ್ರು. ನಿಮ್ಮ ಅಕ್ಷರ ನೋಡಿ ನಂಬಿದೆ." ಅವಳು ಸೂಜಿಯನ್ನು ಅಂಗಿಗೆ ಚುಚ್ಚಿಟ್ಟಳು. "ನನಗೆ ಎಷ್ಟು ಸಂತೋಷ ಆಯ್ತು ಗೊತ್ತಾ? ಇವರು ಮೊದಲನೇ ಸಲ ಹೊಟ್ಟೆಕಿಚ್ಚು ಬಿಟ್ಟು ಅವರಿಗೆ ಸಹಾಯ ಮಾಡಿದ್ದಾರೆ ಅಂದ್ಕೊಂಡೆ. ಹೇಳ್ಕೊಳ್ಳೋಕೆ ನಾಚಿಕೆ, ಅದಕ್ಕೇ ನನಗೂ ಹೇಳಿಲ್ಲ ಅಂದ್ಕೊಂಡೆ. ಎರಡು ವರ್ಷ ಇದನ್ನ ಇಟ್ಕೊಂಡಿದ್ದು ಅದಕ್ಕೇ ರೀ."

ನನಗೆ ತಲೆ ಎತ್ತಲಾಗಲಿಲ್ಲ.

"ಆಮೇಲೆ ಈ ತನಿಖೆ ನಿಮ್ಮ ಕೈಗೇ ಬಂತು. ಹೆದರಿಕೊಂಡೆ. ಇವರೇ ಹೇಳ್ತಾರೆ, ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾಯ್ತಿದ್ದೆ. ಬೆಳಿಗ್ಗೆ ಊಟದ ಡಬ್ಬಿ ಇಡೋಕೆ ಚೀಲ ತೆಗೆದೆ." ಅವಳ ಕಣ್ಣು ಚೀಲದ ಮೇಲಿತ್ತು. "ಆ ಹೆಸರು ಓದಿದೆ."

ಆ ಊಟದ ಮೇಜಿನ ಸುತ್ತ ಕೂತಿದ್ದವರು ಐದು ಜನ. ಇಬ್ಬರು ಈ ಅಡುಗೆಮನೆಯಲ್ಲಿ ಇದ್ದೆವು. ಮೂರನೆಯವನಾದ ಷಡ್ಡಕನಿಗೆ ಅವನ ಜಾಣತನವೇ ಸಾಕ್ಷಿ ಹೇಳಿತ್ತು. ಉಳಿದವರು ಇಬ್ಬರು. ಯಾರೆಂದು ಬಾಯಿಬಿಟ್ಟು ಕೇಳುವಷ್ಟರಲ್ಲಿ ಹೊರಗೆ ಗೇಟಿನ ಸದ್ದಾಯಿತು.

ಬಾಗಿಲು ತೆಗೆದೆ. ಮಾವ ನಿಂತಿದ್ದರು. ಅವರ ಹಿಂದೆ ನಾದಿನಿ, ಓಡಿ ಬಂದವಳಂತೆ ಏದುಸಿರು ಬಿಡುತ್ತಿದ್ದಳು. ನಮ್ಮ ಮನೆಗೆ ಮಾವ ಬಂದು ವರ್ಷವಾಗಿತ್ತು.

"ಇವಳು ಎಲ್ಲ ಹೇಳಿದಳು," ಎಂದರು ಮಾವ, ಕುಳಿತುಕೊಳ್ಳದೆ. "ಅವನ ಹೆಸರು ಬರೀಬೇಡಿ. ಹಾಳೆ ಓದಿದ್ದು ನಾನು. ನನ್ನನ್ನ ಆ ವಿಭಾಗಕ್ಕೆ ಹೋಗಬೇಡ ಅನ್ನೋರು ಯಾರೂ ಇಲ್ಲ."

"ಅಪ್ಪ ಸುಳ್ಳು ಹೇಳ್ತಿದ್ದಾರೆ ಭಾವ," ಎಂದಳು ನಾದಿನಿ. "ಟೈಪ್ ಮಾಡಿದ್ದೂ ನಾನೇ, ಓದಿದ್ದೂ ನಾನೇ. ಇವರಿಗೇನೂ ಗೊತ್ತಿಲ್ಲ."

ನನ್ನ ಕೈಯಲ್ಲಿ ಚೀಟಿ ಇನ್ನೂ ಇತ್ತು. ತಿರುಗಿಸಿದೆ. ರೋಗಿಯ ಜಾಗದಲ್ಲಿ ಮಾವನ ಹೆಸರು. ಅದರ ಕೆಳಗೆ ವೈದ್ಯರ ಕೈಬರಹ: ಎರಡು ತಿಂಗಳು ಓದುವುದು, ಬರೆಯುವುದು ಬೇಡ. ಮಾವ ಅಂಕಿ ಓದಿರಲಾರರು. ಹಾಗೆಂದು ನಾದಿನಿ ಓದಿದಳೆಂದೂ ಆಗಲಿಲ್ಲ. ಗಂಡನಿಗಾಗಿ ಈ ಸುಳ್ಳನ್ನು ಅವಳು ನೂರು ಸಲ ಹೇಳಿಯಾಳು.

ಆ ಹೊತ್ತಿನಲ್ಲೂ ನನ್ನ ಮನಸ್ಸಿಗೆ ಬಂದದ್ದು ಏನು ಗೊತ್ತೇ? ಅವನೊಬ್ಬನಿಗಾಗಿ ಇಬ್ಬರು ಜೈಲಿಗೆ ಹೋಗಲು ನನ್ನ ಬಾಗಿಲಿಗೆ ಬಂದು ನಿಂತಿದ್ದಾರೆ. ನನಗಾಗಿ ಯಾರು ಬರುತ್ತಿದ್ದರು? ಹಾಗೆ ಅಂದುಕೊಳ್ಳುತ್ತಲೇ ಮೇಜಿನ ಮೇಲಿನ ಹೊಲಿಗೆ ಡಬ್ಬಿ ಕಣ್ಣಿಗೆ ಬಿತ್ತು, ನಾಚಿಕೆಯಿಂದ ಸತ್ತೆ.

"ನಿನಗೆ ಗೊತ್ತು," ಎಂದೆ ಹೆಂಡತಿಗೆ. "ಎದುರು ಕೂತು ಕೇಳಿದೋಳು ನೀನು. ಯಾರದು ಆ ದನಿ?"

ಅವಳು ನನ್ನ ಚೀಲದಿಂದ ವರದಿಯನ್ನು ತೆಗೆದು, ಹೆಸರಿದ್ದ ಪುಟ ಬಿಡಿಸಿ ಮೇಜಿನ ಮೇಲಿಟ್ಟಳು. ಡಬ್ಬಿಯಿಂದ ಒಂದು ಕೆಂಪು ಪೆನ್ಸಿಲ್ ತೆಗೆದು ಅದರ ಪಕ್ಕದಲ್ಲಿಟ್ಟಳು.

"ಹೇಳ್ತೀನಿ. ಮೊದಲು ನೀವು ಬರೆದಿರೋ ಹೆಸರು ಹೊಡೆದುಹಾಕಿ. ಅಲ್ಲಿ ಇರಬೇಕಾದ ಮೊದಲನೇ ಹೆಸರು ಬರೀರಿ, ಆ ಅಂಕಿ ಬರೆದವರದು. ಎರಡನೇದು, ಅವನ್ನ ಓದಿದವರದು, ನಾನು ಓದ್ತೀನಿ."

ಮಾವ ನನ್ನನ್ನೇ ನೋಡುತ್ತಿದ್ದರು. ಹದಿನೈದು ವರ್ಷದಲ್ಲಿ ಅವರು ನನ್ನ ಕೈಯ ಮೇಲೆ ಕಣ್ಣಿಟ್ಟು ಕಾದದ್ದು ಅದೇ ಮೊದಲು. ಪೆನ್ಸಿಲ್ ಎತ್ತಿಕೊಂಡೆ. ಷಡ್ಡಕನ ಹೆಸರಿನ ಮೊದಲ ಅಕ್ಷರದ ಮೇಲೆ ಮೊನೆ ಇಟ್ಟೆ.

ಕೈ ಮುಂದಕ್ಕೆ ಹೋಗಲಿಲ್ಲ.

"ಇನ್ನೊಮ್ಮೆ ಹೇಳ್ಬೇಕಾ?" ಎಂದಳು ನನ್ನ ಹೆಂಡತಿ.